ನಮ್ಮ ಗ್ರಿಲ್ಲಿನ ಗಂಡು ಬಳ್ಳಿ

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ತೋಟ ಅಂದರೆ ಕಿಟಕಿಯ ಗ್ರಿಲ್ಲು. ಗೋಡೆಯಿಂದ ಒಂದೂವರೆ ಅಡಿ ಹೊರಗೆ ಚಾಚಿಕೊಂಡ ಕಬ್ಬಿಣದ ಪಂಜರ. ನಮ್ಮದು ಎರಡನೇ ಮಹಡಿ. ಅಡುಗೆಮನೆಗೆ ಐದಡಿ ಉದ್ದದ್ದು ಒಂದು, ಹಾಲ್‌ಗೆ ಏಳಡಿಯದ್ದು ಇನ್ನೊಂದು. ಕಾರ್ಕಳದ ಹತ್ತಿರ ನಮ್ಮೂರಲ್ಲಿ ಅಮ್ಮ ಬರೀ ಬಸಳೆ ಚಪ್ಪರಕ್ಕೆ ಬಿಟ್ಟ ಜಾಗವೇ ಇದಕ್ಕಿಂತ ದೊಡ್ಡದಿತ್ತು. ಆದರೂ ಯಾರಾದರೂ ಕೇಳಿದರೆ "ನಮ್ಮಲ್ಲಿ ಸ್ವಲ್ಪ ತೋಟ ಉಂಟು" ಅಂತಲೇ ಹೇಳುತ್ತೇನೆ. ಸುಳ್ಳೇನಲ್ಲ. ಸ್ವಲ್ಪ ಅಂದೆನಲ್ಲ.

ಶುರುವಿನಲ್ಲಿ ನಾನೂ ಎಲ್ಲರ ಹಾಗೆ ಟೊಮೆಟೊ, ಹಸಿಮೆಣಸು ಹಾಕಿದವಳೇ. ಒಂದು ಇಡೀ ಬೇಸಿಗೆ ನೀರೆರೆದು, ಎಲೆ ಒರೆಸಿ, ಬಿಳಿ ಹುಳ ಹೆಕ್ಕಿ, ಕೊನೆಗೆ ನಾಲ್ಕು ಟೊಮೆಟೊ ಬಿಟ್ಟವು. ಅದೇ ವಾರ ಗಾಡಿಯವನು ಕೆಳಗೆ ನಿಂತು ಕಿಲೋಗೆ 10 ರೂಪಾಯಿ ಅಂತ ಕೂಗುತ್ತಿದ್ದ. ಆವತ್ತೇ ನಿಶ್ಚಯ ಮಾಡಿದೆ. ಗಾಡಿಯಲ್ಲಿ ಬರುವ ಯಾವುದನ್ನೂ ಇನ್ನು ಬೆಳೆಸುವುದಿಲ್ಲ. ಗಾಡಿಗೆ ಬಾರದ್ದು ಮಾತ್ರ ನಮ್ಮ ಗ್ರಿಲ್ಲಿಗೆ.

ಮಣ್ಣಿನದ್ದೇ ಮೊದಲ ತಲೆಬಿಸಿ. ನರ್ಸರಿಯ ಕೆಂಪು ಮಣ್ಣು ಚೀಲಗಟ್ಟಲೆ ತುಂಬಿಸಿದರೆ ಗ್ರಿಲ್ಲು ಒಂದು ದಿನ ಕೆಳಗಿನ ಮನೆಯವರ ತಲೆಯ ಮೇಲೆಯೇ ಇಳಿಯುತ್ತದೆ. ಮುಂಬಯಿಯಲ್ಲಿ ಇದಕ್ಕೆ ಹಳೆಯ ಉಪಾಯ ಇದೆ, ಕಬ್ಬಿನ ಸಿಪ್ಪೆ. ಮುಂಬಯಿ ಬಂದರಿನ ಪೋರ್ಟ್ ಟ್ರಸ್ಟಿನ ಅಡುಗೆಮನೆಯ ತಾರಸಿಯಲ್ಲಿ ಅಲ್ಲಿಯ ತರಕಾರಿ ಕಸವನ್ನೇ ಗೊಬ್ಬರ ಮಾಡಿ ದೊಡ್ಡ ತೋಟ ಎಬ್ಬಿಸಿದ್ದನ್ನು ಓದಿದ ಮೇಲೆ ನನಗೂ ಧೈರ್ಯ ಬಂತು. ಸ್ಟೇಷನ್ ಹತ್ತಿರದ ರಸವಂತಿ, ಅಂದರೆ ಕಬ್ಬಿನ ರಸದ ಅಂಗಡಿಯವನಲ್ಲಿ ಸಿಪ್ಪೆ ಕೇಳಿದೆ. ಎರಡು ಚೀಲ ಬಿಟ್ಟಿ ಕೊಟ್ಟ. ಒಂದು ಗ್ಲಾಸ್ ರಸ ಕುಡಿಯಲೇಬೇಕಾಯಿತು, ಅದು ಬೇರೆ. ಮೀನು ಮಾರ್ಕೆಟಿನಿಂದ ಥರ್ಮಾಕೋಲ್ ಡಬ್ಬ ತಂದೆವು. ಸಿಪ್ಪೆ, ಒಣ ಎಲೆ, ಅಡುಗೆಮನೆಯ ಕಸ, ಮೇಲೆ ಎರಡು ಹಿಡಿ ಮಣ್ಣು. ಹಗುರ ಆಯಿತು. ಆದರೆ ಸಿಪ್ಪೆಯಲ್ಲಿ ಉಳಿದ ಸಿಹಿಗೆ ಡೊಂಬಿವಲಿಯ ಇರುವೆಗಳೆಲ್ಲ ಬಂದವು. ಡಬ್ಬದ ಮೀನು ವಾಸನೆಗೆ ಎರಡು ಬೆಕ್ಕೂ ಬಂದವು.

ಆಗ ಮಗ ಬೇಸಿಲ್ ಬೇಕೆಂದ. ಪಿಜ್ಜಾದ ಮೇಲೆ ಹಾಕುತ್ತಾರಲ್ಲ, ಅದು. ಮಾಲಿನಲ್ಲಿ ಚಿತ್ರ ಹಾಕಿದ ಚಿಕ್ಕ ಪೊಟ್ಟಣಕ್ಕೆ 120 ರೂಪಾಯಿ ಕೊಟ್ಟು ತಂದ. ಬಿತ್ತಿದೆವು, ಹುಟ್ಟಿತು, ಒಂದು ಗೇಣು ಆಯಿತು. ಬೆಳಗ್ಗೆ ನೀರು ಹಾಕುವಾಗ ಕೈ ಎಲೆಗೆ ತಾಗಿತು. ಬೆರಳು ಮೂಸಿ ನೋಡುತ್ತೇನೆ, ನಮ್ಮಜ್ಜಿಯ ತುರುಬು! ಕಾಮಕಸ್ತೂರಿ. ಅಜ್ಜಿ ಮಲ್ಲಿಗೆ ದಂಡೆಯ ನಡುನಡುವೆ ಇದರ ಕುಡಿ ಸೇರಿಸಿ ಕಟ್ಟುತ್ತಿದ್ದಳು. ಊರಲ್ಲಿ ಬಾವಿಕಟ್ಟೆಯ ಬದಿಗೆ ಯಾರೂ ಕೇಳದೆ ಬೆಳೆದದ್ದನ್ನು ನಾವು ದುಡ್ಡು ಕೊಟ್ಟು ತಂದು ಎರಡು ಹೊತ್ತು ನೀರು ಹಾಕುತ್ತಿದ್ದೇವೆ. ಮುಂದಿನ ಸಲ ನಾನು ಕಿರಾಣಿ ಅಂಗಡಿಯಲ್ಲಿ ಫಾಲೂದಾಕ್ಕೆ ಹಾಕುವ ಸಬ್ಜಾ ಬೀಜ 10 ರೂಪಾಯಿಯದ್ದು ತಂದು ಬಿತ್ತಿದೆ. ಅದೂ ಅದೇ. ಬೀಜ ಎಷ್ಟೋ ಜಾಸ್ತಿ, ಚಿತ್ರ ಮಾತ್ರ ಇಲ್ಲ. ಎಲೆಯ ಅಗಲ ಕಡಿಮೆ, ವಾಸನೆ ಖಾರ ಅಂತ ಮಗ ತಕರಾರು ತೆಗೆದ. ಪಿಜ್ಜಾ ತಿನ್ನುವಾಗ ಮಾತಿಲ್ಲ.

ದೊಡ್ಡಪತ್ರೆಯ ಬಗ್ಗೆ ಹೇಳುವುದೇನೂ ಇಲ್ಲ. ಒಂದು ಕಡ್ಡಿ ಚುಚ್ಚಿದರೆ ಬರುತ್ತದೆ, ತಂಬುಳಿಗೆ ಆಗುತ್ತದೆ. ಇಲ್ಲಿಯವರು ಇದನ್ನು ಓವಾದ ಎಲೆ ಅನ್ನುತ್ತಾರೆ, ವಾಸನೆಯಿಂದ. ಓಮದ ಗಿಡವೇ ಬೇರೆ ಅಂತ ಎಷ್ಟು ಹೇಳಿದರೂ ನಂಬುವುದಿಲ್ಲ.

ಚಕ್ರಮುನಿಯ ಕಥೆ ಸ್ವಲ್ಪ ಬೇರೆ. ಮಾಟುಂಗಾದಲ್ಲಿ ಒಂದು ಕಾರ್ಯಕ್ರಮಕ್ಕೆ ಹೋದಾಗ ಪರಿಚಯದವರು ಅದರ ಕಡ್ಡಿ ಕೊಟ್ಟರು. "ಇದಕ್ಕೆ ವಿಟಮಿನ್ ಸೊಪ್ಪು ಅನ್ನುತ್ತಾರೆ, ಇದೊಂದಿದ್ದರೆ ಮಾತ್ರೆ ಬೇಡ" ಅಂದರು. ಆ ಮಾತು ನಮ್ಮವರ ಕಿವಿಗೆ ಬೀಳಬಾರದಿತ್ತು. ಮೂರನೇ ತಿಂಗಳಿಗೆ ಗಿಡ ಸೊಂಟದೆತ್ತರ ಆಯಿತು. ಇವರು ದಿನಾ ಬೆಳಗ್ಗೆ ಒಂದು ಹಿಡಿ ಹಸಿ ಎಲೆ ಮಿಕ್ಸಿಗೆ ಹಾಕಿ ಕುಡಿಯಲು ಶುರು ಮಾಡಿದರು. ಹೊಟ್ಟೆ ಇಳಿಯುತ್ತದಂತೆ. ನನಗೆ ಎಲ್ಲೋ ಓದಿದ್ದು ನೆನಪಾಗಿ ಮತ್ತೆ ಹುಡುಕಿ ತೋರಿಸಿದೆ. 1990ರ ದಶಕದ ನಡುವಿನಲ್ಲಿ ತೈವಾನಿನಲ್ಲಿ ಸಪೂರ ಆಗಬೇಕೆಂದು ಇದೇ ಸೊಪ್ಪಿನ ಹಸಿ ರಸ ವಾರಗಟ್ಟಲೆ ಕುಡಿದು ಎಷ್ಟೋ ಮಂದಿಯ ಶ್ವಾಸಕೋಶ ಕೆಟ್ಟುಹೋಗಿತ್ತು. ಇವರು ಕನ್ನಡಕ ಹಾಕಿ ಪೂರ್ತಿ ಓದಿದರು. ಗ್ಲಾಸು ಸಿಂಕಿನಲ್ಲಿ ಬಗ್ಗಿಸಿದರು. "ಪಲ್ಯ ಮಾಡಿದರೆ ಅಡ್ಡಿಲ್ಲ ಅಲ್ವಾ?" ಅಂದರು. ಬೇಯಿಸಿ, ಅಪರೂಪಕ್ಕೊಮ್ಮೆ ಅಂದೆ. ಸೊಪ್ಪಿನ ತಪ್ಪೇನೂ ಇಲ್ಲ. ಒಳ್ಳೆಯದು ಅಂತ ಗೊತ್ತಾದ ಕೂಡಲೇ ಲೋಟದಲ್ಲಿ ಅಳೆಯುವ ನಮ್ಮ ಬುದ್ಧಿಯೇ ಹಾಗೆ.

ಬಸಳೆ ಹಾಕದೆ ಇರಲಾಗಲಿಲ್ಲ. ಇಲ್ಲಿ ಅದು ಮಾಯಾಳು. ಮರಾಠಿಯವರು ಎಲೆಯನ್ನು ಹಿಟ್ಟಿನಲ್ಲಿ ಅದ್ದಿ ಭಜಿ ಮಾಡುತ್ತಾರೆ, ದಂಟನ್ನು ಕೇಳುವವರಿಲ್ಲ. ದಂಟು ಬಿಟ್ಟ ಮೇಲೆ ಬಸಳೆಯಲ್ಲಿ ಉಳಿಯುವುದೇನು ಮಾರಾಯ್ರೇ? ಸಾಂಬಾರಿಗೆ ತಂದ ಕಟ್ಟಿನ ಎರಡು ತುಂಡು ಚುಚ್ಚಿದ್ದು, ಮಳೆ ಬಿದ್ದ ತಿಂಗಳಲ್ಲಿ ಗ್ರಿಲ್ಲು ಪೂರಾ ಹಬ್ಬಿ ಹೂವು, ಕಾಯಿ, ಕಡುನೇರಳೆ ಹಣ್ಣು. ನೋಡಲು ಚಂದ ಅಂತ ಬಿಟ್ಟಿದ್ದೆ. ಆ ಹಣ್ಣು ಒಡೆದರೆ ಶಾಯಿ. ಕೆಳಗಿನ ಮನೆಯ ಕಾಕೂ ಅವರ ಯಜಮಾನರ ಬಿಳಿ ಷರ್ಟು ನಮ್ಮ ಗ್ರಿಲ್ಲಿನ ಕೆಳಗೇ ಒಣಗುತ್ತಿತ್ತು. ಕಾಕೂ ಷರ್ಟು ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದರು. ಬೆನ್ನಿನ ಮೇಲೆ ಏಳು ನೇರಳೆ ಬೊಟ್ಟು. ನೀರು ತೊಟ್ಟಿಕ್ಕುತ್ತದೆ ಅಂತ ಮೊದಲೇ ಅವರಿಗೆ ನಮ್ಮ ಮೇಲೆ ಸಿಟ್ಟಿತ್ತು. ಮೂರು ವಾರ ಮಾತಿರಲಿಲ್ಲ.

ಇಷ್ಟರಲ್ಲಿ ನಾನು ಮಡಹಾಗಲಕ್ಕೆ ಕೈ ಹಾಕಿದ್ದೆ.

ಜೂನಿನಲ್ಲಿ ಮೊದಲ ಮಳೆ ಬಿದ್ದ ಕೂಡಲೇ ಕರ್ಜತ್ ಕಡೆಯಿಂದ ಆದಿವಾಸಿ ಹೆಂಗಸರು ಲೋಕಲ್‌ನಲ್ಲಿ ಕಾಡಿನ ಸೊಪ್ಪು ತರುತ್ತಾರೆ. ಸ್ಟೇಷನ್ನಿನ ಮೆಟ್ಟಿಲ ಬದಿಗೆ ಪ್ಲಾಸ್ಟಿಕ್ ಹಾಸಿ ಕೂತಿರುತ್ತಾರೆ. ರಾನ್‌ಭಾಜಿ ಅಂತ ಹೆಸರು. ವರ್ಷಗಟ್ಟಲೆ ಅವರನ್ನು ದಾಟಿಕೊಂಡು ಹೋಗಿದ್ದೇನೆ, ರೈಲಿನ ಗಡಿಬಿಡಿ. ಒಂದು ದಿನ ರೈಲು ತಪ್ಪಿತು, ಸುಮ್ನೆ ನಿಂತು ನೋಡಿದೆ. ಟಾಕಳಾ ಅಂತ ಮಾರುತ್ತಿದ್ದದ್ದು ನಮ್ಮ ತಜಂಕ್! ಮಳೆಗಾಲದ ಆಟಿ ತಿಂಗಳಲ್ಲಿ ಅಮ್ಮ ಹಿತ್ತಿಲಿಂದ ಚಿವುಟಿ ತಂದು ವಡೆ ಮಾಡುತ್ತಿದ್ದ ಅದೇ ಸೊಪ್ಪು. ಪಕ್ಕದಲ್ಲಿ ಕರ್ಟೋಲಿ ಗುಡ್ಡೆ ಹಾಕಿದ್ದರು. ಮೈತುಂಬ ಮೆತ್ತಗಿನ ಮುಳ್ಳು, ನಿಂಬೆಹಣ್ಣಿನಷ್ಟೇ ದಪ್ಪ, ಕಾಲು ಕಿಲೋಗೆ 60 ರೂಪಾಯಿ. ಇದು ಮಡಹಾಗಲ. ಹಾಗಲ ಅಂತ ಹೆಸರಿದ್ದರೂ ಕಹಿ ಇಲ್ಲವೆನ್ನುವಷ್ಟು ಕಡಿಮೆ. ಇದರ ಬೀಜ ಉಂಟಾ ಕೇಳಿದೆ. ಬೀಜ ಬೇಡ, ಬೀಜ ಹುಟ್ಟುವುದಕ್ಕೆ ಸತಾಯಿಸುತ್ತದೆ, ಗಡ್ಡೆ ತಂದುಕೊಡುತ್ತೇನೆ ಅಂದಳು. ಮರುವಾರ ಮುಷ್ಟಿಯಷ್ಟು ಗಡ್ಡೆ ತಂದಳು. 50 ರೂಪಾಯಿ ಕೊಟ್ಟೆ.

ಹದಿನೈದು ದಿನಕ್ಕೆ ಬಳ್ಳಿ ಸರಳು ಹಿಡಿಯಿತು. ಆಗಸ್ಟಿನಲ್ಲಿ ಹೂವು. ತಿಳಿಹಳದಿ, ಸಂಜೆ ಕತ್ತಲಾಗುವ ಹೊತ್ತಿಗೆ ಅರಳುತ್ತದೆ. ಒಂದು ಸಂಜೆ ಎಣಿಸಿದೆ, 23 ಹೂವು. ಪಲ್ಯ ಯಾವ ಬಾಣಲೆಯಲ್ಲಿ ಮಾಡಬೇಕು ಅಂತಲೂ ಯೋಚನೆ ಮಾಡಿದೆ. ಬೆಳಗ್ಗೆ ನೋಡಿದರೆ ಎಲ್ಲ ಬಾಡಿ ಕೆಳಗೆ. ಕಾಯಿ ಒಂದೂ ಇಲ್ಲ. ನೀರು ಜಾಸ್ತಿ ಆಯಿತಾ, ಕಡಿಮೆ ಆಯಿತಾ, ಯಾರ ಕಣ್ಣು ಬಿತ್ತು? ಮಜ್ಜಿಗೆ ಹಾಕಿದೆ, ಬೂದಿ ಹಾಕಿದೆ. ಚಳಿಗೆ ಬಳ್ಳಿ ಒಣಗಿ ಕಡ್ಡಿಯಾಯಿತು. ಸತ್ತಿತು ಅಂದುಕೊಂಡರೆ ಮುಂದಿನ ಜೂನಿಗೆ ಗಡ್ಡೆ ಮತ್ತೆ ಚಿಗುರಿತು. ಮತ್ತೆ ಹೂವು, ಮತ್ತೆ ಕೆಳಗೆ.

ಆ ಬಿದ್ದ ಹೂವು ಹೋಗುತ್ತಿದ್ದದ್ದು ಕಾಕೂ ಅವರ ಕಿಟಕಿಗೇ. ಒಂದು ಬೆಳಗ್ಗೆ ಬೆಲ್ ಆಯಿತು. ಇನ್ನೇನು ಕಲೆಯಾಯಿತೋ ಅಂತ ಅಳುಕುತ್ತಲೇ ಬಾಗಿಲು ತೆಗೆದೆ. ಕಾಕೂ ಕೊಂಕಣದ ಚಿಪಳೂಣ್ ಕಡೆಯವರು. ಅಂಗೈಯಲ್ಲಿ ನಾಲ್ಕು ಹೂವು ಹಿಡಿದು, "ಅಗಂ, ಹಾ ನರ್ ಆಹೆ, ನರ್!" ಅಂದರು. ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಗಂಡು ಬಳ್ಳಿ! ಮಡಹಾಗಲದಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಕುಂಬಳ, ಹಾಗಲದ ಹಾಗೆ ಒಂದೇ ಬಳ್ಳಿಯಲ್ಲಿ ಎರಡೂ ಇರುವುದಿಲ್ಲ. ಹೆಣ್ಣು ಹೂವಿನ ಬುಡದಲ್ಲಿ ಮುಳ್ಳಿನ ಪುಟ್ಟ ಕಾಯಿ ಮೊದಲೇ ಕೂತಿರುತ್ತದೆ. ನಮ್ಮದರಲ್ಲಿ ಸಪೂರ ತೊಟ್ಟು, ಅದರ ತುದಿಗೆ ಟೊಪ್ಪಿಯ ಹಾಗೆ ಒಂದು ಎಲೆ, ಅಷ್ಟೆ. ಕಾಕೂ ಬಾಗಿಲಲ್ಲೇ ಒರಗಿ ನಕ್ಕದ್ದೇ ನಕ್ಕದ್ದು. ಎರಡು ವರ್ಷ ಮಜ್ಜಿಗೆ ಕುಡಿಸಿದಿಯಲ್ಲ ಅವನಿಗೆ ಅಂದರು. ಷರ್ಟಿನ ಬಾಕಿ ಆ ನಗುವಿನಲ್ಲಿ ತೀರಿತು ಅಂತ ನನ್ನ ಲೆಕ್ಕ.

ಮೂರನೇ ಜೂನಿನಲ್ಲಿ ಗಡ್ಡೆಯವಳನ್ನು ಹುಡುಕಿ ಕೇಳಿದೆ. ಗಂಡು ಹೆಣ್ಣು ಅಂತ ನೀವು ಹೇಳಲೇ ಇಲ್ಲವಲ್ಲ ಅಂದಳು. ಕಾಯಿ ಬಿಟ್ಟ ಬಳ್ಳಿಯದ್ದೇ ಗಡ್ಡೆ ಅಗೆದು ತಂದಳು. ಹಾಲ್‌ನ ಗ್ರಿಲ್ಲಿನಲ್ಲಿ ಅದನ್ನು ಹಬ್ಬಿಸಿದೆವು. ಗಂಡು ಅಡುಗೆಮನೆಯಲ್ಲಿ, ಹೆಣ್ಣು ಹಾಲ್‌ನಲ್ಲಿ. ಎರಡನೇ ಮಹಡಿಯಲ್ಲಿ ಈ ಕೆಲಸಕ್ಕೆ ಯಾವ ಹುಳವೂ ಬಂದದ್ದು ಕಾಣಲಿಲ್ಲ. ಹಾಗಾಗಿ ಆಫೀಸಿನಿಂದ ಬಂದ ನಮ್ಮವರು ಬೂಟು ಕೂಡ ಬಿಚ್ಚದೆ, ಒಂದು ಗಂಡು ಹೂವು ಕಿತ್ತು, ಎಸಳು ಸುಲಿದು, ಹಾಲ್‌ಗೆ ಹೋಗಿ ಹೆಣ್ಣು ಹೂವಿಗೆ ಮೆಲ್ಲಗೆ ಉಜ್ಜುತ್ತಿದ್ದರು. ಮೊಬೈಲಿನ ಬೆಳಕು ಹಿಡಿಯುವುದು ನಾನು. ಎದುರಿನ ಬಿಲ್ಡಿಂಗಿನವರು ಏನು ತಿಳಿದುಕೊಂಡರೋ.

ಒಂದು ಕಾಯಿ ಕಚ್ಚಿತು. ಇವತ್ತು ಕೊಯ್ಯುವುದಾ, ನಾಳೆಯಾ ಅಂತ ನಾಲ್ಕು ದಿನ ಚರ್ಚೆ ಮಾಡಿದೆವು. ಐದನೇ ದಿನ ಅದು ಹಣ್ಣಾಗಿ ಬಾಯಿ ಬಿಟ್ಟಿತು, ಒಳಗೆಲ್ಲ ಕೆಂಪು. ಆಮೇಲೆ ಮಳೆ ಹಿಡಿಯಿತು. ಬಳ್ಳಿ ಸರಳಿನ ಸಂದಿನಿಂದ ಕೆಳಗೆ ಜೋತು ಬಿದ್ದದ್ದು ಯಾರೂ ನೋಡಲಿಲ್ಲ.

ಹದಿನೈದು ದಿನ ಕಳೆದು ಕಾಕೂ ಸ್ಟೀಲ್ ಡಬ್ಬಿ ತಂದರು. ಮುಚ್ಚಳ ತೆಗೆದರೆ ಕರ್ಟೋಲಿಯ ಪಲ್ಯ, ಈರುಳ್ಳಿ, ಮೇಲೆ ತೆಂಗಿನ ತುರಿ. ಇನ್ನೂ ಬಿಸಿ ಇತ್ತು. ನಮ್ಮ ಬಳ್ಳಿಯದ್ದೇ, ಅವರ ಗ್ರಿಲ್ಲಿನೊಳಗೆ ಆರು ಕಾಯಿ ಬಿಟ್ಟಿತ್ತಂತೆ. "ನನ್ನ ಕಿಟಕಿಗೆ ಬಂದದ್ದು ನನ್ನದು" ಅಂದರು. ಇವರು ಉಜ್ಜಿದ ಹೂವುಗಳೇ ಹೌದು, ಆದರೆ ಅದನ್ನು ಹೇಳಿ ಹಕ್ಕು ಸ್ಥಾಪಿಸುವುದು ಹೇಗೆ? ಊಟಕ್ಕೆ ಕೂತು ಮೂವರೂ ಡಬ್ಬಿ ಬಳಿದು ತಿಂದೆವು.

ಡಬ್ಬಿ ಖಾಲಿ ಹಿಂತಿರುಗಿಸಬಾರದಲ್ಲ. ಒಂದು ಕಟ್ಟು ದೊಡ್ಡಪತ್ರೆ, ನಾಲ್ಕು ಕುಡಿ ಕಾಮಕಸ್ತೂರಿ ಇಟ್ಟೆ. ನೆಡಲಿಕ್ಕೆ ಅಂತ ಎರಡು ತುಂಡು ಬಸಳೆಯನ್ನೂ ಇಟ್ಟಿದ್ದೆ. ಬಸಳೆ ಮಾತ್ರ ತೆಗೆದು ನನ್ನ ಕೈಗೇ ವಾಪಸು ಕೊಟ್ಟು ಕಾಕೂ ಮೆಟ್ಟಿಲು ಇಳಿದರು.