ಮೋಡದ ಮೇಲಿಂದ ತೆಗೆದದ್ದು, ಮೋಡದ ಕೆಳಗೆ ತೆಗೆದದ್ದು

ಎರಡನೇ ಮಹಾಯುದ್ಧದ ಕೊನೆಯ ತಿಂಗಳುಗಳ ಫೋಟೋಗಳ ಮಾತು ಬಂದಾಗಲೆಲ್ಲ ಚರ್ಚೆ ಒಂದೇ ಕಡೆ ಬಂದು ನಿಲ್ಲುತ್ತದೆ: ಅದು ಇದ್ದಹಾಗೆಯೇ ಸಿಕ್ಕ ಚಿತ್ರವೋ, ಪೋಸ್ ಕೊಡಿಸಿ ತೆಗೆದದ್ದೋ? ನಾನೂ ಬಹಳ ವರ್ಷ ಇದೇ ಪ್ರಶ್ನೆಯ ಬೆನ್ನು ಹತ್ತಿದವನು. ಈಚೆಗೆ ಮಾತ್ರ ಬೇರೊಂದು ಪ್ರಶ್ನೆ ಇದಕ್ಕಿಂತ ತೂಕದ್ದೆಂದು ತೋರುತ್ತಿದೆ. ಶಟರ್ ಒತ್ತಿದ ಗಳಿಗೆಗೂ ಆ ಚಿತ್ರ ಜನರ ಕಣ್ಣಿಗೆ ಬಿದ್ದ ದಿನಕ್ಕೂ ನಡುವೆ ಎಷ್ಟು ಕಾಲ ಹೋಯಿತು, ಆ ಕಾಲವನ್ನು ಹಿಡಿದಿಟ್ಟವರು ಯಾರು ಎಂಬುದು ಆ ಪ್ರಶ್ನೆ.

1945ರ ಫೆಬ್ರವರಿ 23ರಂದು ಜಪಾನಿನ ಇವೊ ಜಿಮಾ ದ್ವೀಪದ ಸುರಿಬಾಚಿ ಬೆಟ್ಟದ ಮೇಲೆ ಆರು ಮಂದಿ ಅಮೆರಿಕನ್ ಯೋಧರು ಬಾವುಟ ನೆಡುತ್ತಿರುವ ಚಿತ್ರವನ್ನು ನೋಡದವರು ಕಡಿಮೆ. ತೆಗೆದವರು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಜೋ ರೋಸೆಂಥಾಲ್. ದೃಷ್ಟಿ ಮಂದವೆಂದು ಸೇನೆ ಸೇರಿಸಿಕೊಳ್ಳದೆ ವಾಪಸು ಕಳಿಸಿದ್ದ ಮನುಷ್ಯ ಈತ. ಅಂದು ಬೆಳಿಗ್ಗೆ ಅಲ್ಲಿ ಸಣ್ಣದೊಂದು ಬಾವುಟ ಆಗಲೇ ಹಾರಿತ್ತು, ಅದರ ಚಿತ್ರವನ್ನು ಲೂ ಲೊವರಿ ಎಂಬವರು ತೆಗೆದೂ ಆಗಿತ್ತು. ರೋಸೆಂಥಾಲ್ ಬೆಟ್ಟ ಹತ್ತುವ ಹೊತ್ತಿಗೆ ಅದನ್ನಿಳಿಸಿ ದೊಡ್ಡ ಬಾವುಟ ಏರಿಸುವ ಸಿದ್ಧತೆ ನಡೆದಿತ್ತು. ಕುಳ್ಳಗಿದ್ದ ಆತ ಕಲ್ಲು, ಮರಳುಚೀಲಗಳನ್ನು ಪೇರಿಸಿ ಅದರ ಮೇಲೆ ನಿಂತು ಒಂದು ಚಿತ್ರ ತೆಗೆದರು. ಆಮೇಲೆ ಬಾವುಟದ ಕೆಳಗೆ ಸೈನಿಕರನ್ನೆಲ್ಲ ಸೇರಿಸಿ ಒಂದು ಗುಂಪುಚಿತ್ರವನ್ನೂ ತೆಗೆದರು. ಕೆಲವು ದಿನಗಳ ನಂತರ ಯಾರೋ ‘ಪೋಸ್ ಕೊಡಿಸಿದಿರಾ?’ ಎಂದು ಕೇಳಿದಾಗ, ಗುಂಪುಚಿತ್ರದ ಬಗ್ಗೆ ಕೇಳುತ್ತಿದ್ದಾರೆಂದುಕೊಂಡು ಹೌದೆಂದುಬಿಟ್ಟರು. ಆ ಒಂದು ‘ಹೌದು’ ಅವರನ್ನು ಸಾಯುವವರೆಗೂ ಕಾಡಿತು. ಪಕ್ಕದಲ್ಲೇ ನಿಂತು ಅದೇ ದೃಶ್ಯವನ್ನು ಬಣ್ಣದ ಸಿನಿಮಾ ಫಿಲ್ಮಿನಲ್ಲಿ ಹಿಡಿದ ಬಿಲ್ ಜೆನಾಸ್ಟ್ ಆ ದ್ವೀಪದಿಂದ ಹಿಂತಿರುಗಲಿಲ್ಲ. ಆದರೆ ಯಾರೂ ಪೋಸ್ ಕೊಟ್ಟಿರಲಿಲ್ಲವೆಂದು ತೋರಿಸಲು ಅವರ ಫಿಲ್ಮ್ ಉಳಿಯಿತು.

ಇಲ್ಲಿ ನನ್ನ ಗಮನ ಹೋಗುವುದು ವೇಗದ ಕಡೆಗೆ. ಫಿಲ್ಮ್ ಗುವಾಮ್ ದ್ವೀಪಕ್ಕೆ ಹೋಗಿ, ಅಲ್ಲಿ ಡೆವಲಪ್ ಆಗಿ, ರೇಡಿಯೋ ಮೂಲಕ ಅಮೆರಿಕ ತಲುಪಿ, ಫೆಬ್ರವರಿ 25ರ ಭಾನುವಾರದ ಪತ್ರಿಕೆಗಳ ಮುಖಪುಟದಲ್ಲಿ ಅಚ್ಚಾಗಿತ್ತು. ರೋಸೆಂಥಾಲ್ ಇನ್ನೂ ತಮ್ಮ ಚಿತ್ರವನ್ನೇ ನೋಡಿರಲಿಲ್ಲ. ಬಾವುಟ ಹಿಡಿದ ಆರು ಜನರಲ್ಲಿ ಮೂವರು ಅದೇ ದ್ವೀಪದ ಕಾಳಗದಲ್ಲಿ ಸತ್ತರು; ಚಿತ್ರ ಮಾತ್ರ ಯುದ್ಧದ ಸಾಲಪತ್ರಗಳನ್ನು ಮಾರುತ್ತ ಊರೂರು ತಿರುಗಿತು. ಆ ಆರು ಮಂದಿ ಯಾರೆಂಬ ಪಟ್ಟಿ 2019ರವರೆಗೂ ತಿದ್ದುಪಡಿಯಾಗುತ್ತಲೇ ಇತ್ತು.

ಬರ್ಲಿನ್ನಿನ ಕಥೆ ಸ್ವಲ್ಪ ಬೇರೆ. ರೋಸೆಂಥಾಲರ ಚಿತ್ರ ಕಂಡಿದ್ದ ಸೋವಿಯತ್ ಛಾಯಾಗ್ರಾಹಕ ಯೆವ್ಗೆನಿ ಖಾಲ್ದೇಯ್, ತಮಗೂ ಅಂಥದ್ದೇ ಒಂದು ಬೇಕೆಂದು ಮೊದಲೇ ನಿಶ್ಚಯಿಸಿದ್ದರು. ಮಾಸ್ಕೋದಲ್ಲಿ ದರ್ಜಿಯಾಗಿದ್ದ ನೆಂಟರೊಬ್ಬರಿಂದ ಕೆಂಪು ಮೇಜುಬಟ್ಟೆಗಳನ್ನು ಕತ್ತರಿಸಿ ಬಾವುಟ ಹೊಲಿಸಿಕೊಂಡು ಹೋಗಿದ್ದರು. ಮೇ 2ರಂದು ಜರ್ಮನಿಯ ಸಂಸತ್ ಭವನವಾದ ರೈಕ್‌ಸ್ಟಾಗ್ ಕಟ್ಟಡದ ಛಾವಣಿ ಹತ್ತಿ, ಅಲ್ಲಿದ್ದ ಸೈನಿಕರ ಕೈಗೆ ಅದನ್ನು ಕೊಟ್ಟು, ಒಂದು ಇಡೀ ರೋಲ್ ಮುಗಿಸಿದರು. ಆಮೇಲೆ ಒಂದು ತೊಡಕು ಕಾಣಿಸಿತು. ಬಾವುಟ ಹಿಡಿದವನ ಕಾಲಿಗೆ ಆಸರೆ ಕೊಟ್ಟಿದ್ದ ಸೈನಿಕನ ಎರಡೂ ಮುಂಗೈಯಲ್ಲಿ ಒಂದೊಂದು ಗಡಿಯಾರ! ಎರಡು ಗಡಿಯಾರವೆಂದರೆ ಲೂಟಿಯೆಂದು ಯಾರಿಗಾದರೂ ಹೊಳೆಯುತ್ತದೆ. ಖಾಲ್ದೇಯ್ ಸೂಜಿ ಹಿಡಿದು ಒಂದನ್ನು ನೆಗೆಟಿವ್ ಮೇಲೆಯೇ ಕೆರೆದು ತೆಗೆದರು. ಹಿನ್ನೆಲೆಗೆ ಇನ್ನಷ್ಟು ಕಪ್ಪು ಹೊಗೆಯನ್ನೂ ಸೇರಿಸಿದರು. ನಮ್ಮೂರ ಸ್ಟುಡಿಯೋದಲ್ಲಿ ವಧುಪರೀಕ್ಷೆಗೆ ಕಳಿಸುವ ಫೋಟೋಗಳ ನೆಗೆಟಿವ್ ಮೇಲೆ ಸಪೂರ ಪೆನ್ಸಿಲ್ ಆಡಿಸಿ ‘ಟಚಿಂಗ್’ ಮಾಡುತ್ತಿದ್ದುದನ್ನು ನೋಡಿ ಬೆಳೆದ ನನಗೆ ಈ ಸೂಜಿಯ ಕೆಲಸ ಮೊದಲು ಅಂಥ ದೊಡ್ಡ ಅಪರಾಧವೆನಿಸಿರಲಿಲ್ಲ. ಆದರೆ ಅಲ್ಲಿ ಮಾಯವಾದದ್ದು ಮೊಡವೆಯಲ್ಲ. ಸೋತ ನಗರದಲ್ಲಿ ಗೆದ್ದವರು ನಡೆದುಕೊಂಡ ರೀತಿಗೆ ಇದ್ದ ಒಂದು ಸಾಕ್ಷಿ. ನಾಜಿಗಳ ಕೈಯಲ್ಲಿ ತಂದೆಯನ್ನೂ ಸೋದರಿಯರನ್ನೂ ಕಳೆದುಕೊಂಡಿದ್ದ ಈ ಯಹೂದಿ ಛಾಯಾಗ್ರಾಹಕನಿಗೆ ಅಂದಿನ ಬರ್ಲಿನ್ ಹೇಗೆ ಕಂಡಿರಬಹುದೆಂದು ಯೋಚಿಸಿದರೆ ತೀರ್ಪು ಕೊಡಲು ನನಗೆ ನಾಲಗೆ ಏಳುವುದಿಲ್ಲ.

ಅದೇ ವಸಂತದಲ್ಲಿ ಜರ್ಮನಿಯ ಯಾತನಾ ಶಿಬಿರಗಳ ಬಾಗಿಲು ತೆರೆದವು. ಏಪ್ರಿಲ್ 12ರಂದು ಓರ್ಡ್ರುಫ್ ಶಿಬಿರವನ್ನು ಕಣ್ಣಾರೆ ಕಂಡ ಮಿತ್ರಪಡೆಗಳ ಸೇನಾಧಿಪತಿ ಐಸೆನ್‌ಹೋವರ್, ಪತ್ರಕರ್ತರೂ ಜನಪ್ರತಿನಿಧಿಗಳೂ ಬಂದು ನೋಡಲೇಬೇಕೆಂದು ಹೇಳಿಕಳಿಸಿದರು. ಬುಖೆನ್‌ವಾಲ್ಡ್‌ನಲ್ಲಿ ಮಾರ್ಗರೆಟ್ ಬೋರ್ಕ್-ವೈಟ್ ತೆಗೆದ ಚಿತ್ರಗಳು ಮೇ 7ರ ‘ಲೈಫ್’ ಸಂಚಿಕೆಯಲ್ಲಿ ಬಂದವು. ಮರುವರ್ಷ ನಮ್ಮಲ್ಲಿಗೆ ಬಂದು ಗಾಂಧೀಜಿ ಚರಕದ ಹಿಂದೆ ಕುಳಿತು ಓದುತ್ತಿರುವ ಚಿತ್ರ ತೆಗೆದವರು ಇವರೇ. ಡಖಾವ್‌ಗೆ ಹೋದ ಲೀ ಮಿಲ್ಲರ್ ಕಳಿಸಿದ ಚಿತ್ರಗಳನ್ನು, ಉಡುಪು ಒಡವೆಗಳ ಪತ್ರಿಕೆಯಾದ ‘ವೋಗ್’ನ ಅಮೆರಿಕ ಆವೃತ್ತಿ, ‘ಇದನ್ನು ನಂಬಿ’ ಎಂಬರ್ಥದ ಶೀರ್ಷಿಕೆ ಕೊಟ್ಟು ಜೂನ್‌ನಲ್ಲಿ ಅಚ್ಚುಹಾಕಿತು. ಹೆಣಗಳ ರಾಶಿಯನ್ನು ತೋರಿಸುವುದು ಓದುಗರ ಮನಸ್ಸಿಗೆ ಒಗ್ಗದು ಎಂಬ ಸಂಕೋಚ ಆಗ ಅಡ್ಡ ಬರಲಿಲ್ಲ. ಬರಲೂ ಬಾರದಾಗಿತ್ತು.

ಇಷ್ಟೆಲ್ಲ ಆದ ಎರಡೇ ತಿಂಗಳಿಗೆ ಹಿರೋಷಿಮಾ. ಬಾಂಬ್ ಹಾಕಿದ ವಿಮಾನದ ಬಾಲದಲ್ಲಿ ಕುಳಿತಿದ್ದ ಜಾರ್ಜ್ ಕ್ಯಾರನ್ ತೆಗೆದ ಅಣಬೆ ಮೋಡದ ಚಿತ್ರ ಆಗಸ್ಟ್‌ನಲ್ಲೇ ಪತ್ರಿಕೆಗಳಲ್ಲಿ ಬಂತು. ಆ ಮೋಡದ ಕೆಳಗೆ ಅದೇ ದಿನ ಕ್ಯಾಮೆರಾ ಹಿಡಿದು ನಡೆದವರು ಚುಗೋಕು ಶಿಂಬುನ್ ಪತ್ರಿಕೆಯ ಯೋಶಿತೊ ಮತ್ಸುಶಿಗೆ. ಅವರ ಮನೆ ಸ್ಫೋಟದ ಕೇಂದ್ರದಿಂದ 2.7 ಕಿಲೋಮೀಟರ್ ದೂರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಮಿಯುಕಿ ಸೇತುವೆಯ ಬಳಿ ಬಂದರೆ, ಸುಟ್ಟ ಮೈಯ ಜನ, ಹೆಚ್ಚಿನವರು ಶಾಲಾ ಮಕ್ಕಳು, ರಸ್ತೆಯ ಮೇಲೆಯೇ ಕುಳಿತಿದ್ದಾರೆ. ಪೊಲೀಸರು ಅವರ ಗಾಯಗಳಿಗೆ ಎಣ್ಣೆ ಹಚ್ಚುತ್ತಿದ್ದಾರೆ. ಮತ್ಸುಶಿಗೆ ಕ್ಯಾಮೆರಾ ಎತ್ತಿದರು, ಒತ್ತಲಾಗಲಿಲ್ಲ. ಇಪ್ಪತ್ತು ನಿಮಿಷದಷ್ಟು ಹೊತ್ತು ಹಾಗೇ ನಿಂತು, ಕೊನೆಗೆ ಒಂದು ಚಿತ್ರ ತೆಗೆದರು. ನಾಲ್ಕು ಹೆಜ್ಜೆ ಮುಂದೆ ಹೋಗಿ ಇನ್ನೊಂದು. ಆಗ ಕಣ್ಣೀರಿನಿಂದ ವ್ಯೂಫೈಂಡರ್ ಮಂಜಾಗಿತ್ತೆಂದು ಮುಂದೆ ಹೇಳಿಕೊಂಡರು. ಇಡೀ ದಿನ ಅವರಿಂದಾದದ್ದು ಏಳು ಚಿತ್ರ, ಅದರಲ್ಲಿ ಉಳಿದದ್ದು ಐದು. ಬಾಂಬ್ ಬಿದ್ದ ದಿನವೇ ಆ ನಗರದೊಳಗೆ ತೆಗೆದ ಚಿತ್ರಗಳೆಂದರೆ ನಮಗಿರುವುದು ಹೆಚ್ಚುಕಡಿಮೆ ಇವಿಷ್ಟೇ. ಡಾರ್ಕ್‌ರೂಮ್ ಉಳಿದಿರಲಿಲ್ಲವಾದ್ದರಿಂದ, ದಿನಗಳ ನಂತರ ರಾತ್ರಿಯ ಕತ್ತಲಲ್ಲಿ ಬಯಲಲ್ಲೇ ಡೆವಲಪ್ ಮಾಡಿ, ತೊರೆಯ ನೀರಿನಲ್ಲಿ ಫಿಲ್ಮ್ ತೊಳೆದರು.

ನಾಗಸಾಕಿಯಲ್ಲಿ ಯೋಸುಕೆ ಯಮಹಾತಾ ಬಾಂಬ್ ಬಿದ್ದ ಮರುದಿನ, ಆಗಸ್ಟ್ 10ರಂದು, ನೂರಕ್ಕೂ ಹೆಚ್ಚು ಚಿತ್ರ ತೆಗೆದರು. ಅವರನ್ನು ಕಳಿಸಿದ್ದು ಜಪಾನಿನ ಸೇನೆ, ಶತ್ರುವಿನ ಕ್ರೌರ್ಯವನ್ನು ಪ್ರಚಾರಕ್ಕೆ ಬಳಸುವ ಉದ್ದೇಶದಿಂದ. ಈ ಮಾತನ್ನು ಮುಚ್ಚಿಡಬಾರದು. ಗೆದ್ದಿದ್ದರೆ ಆ ಸೇನೆಯೂ ತನಗೆ ಬೇಡದ ಚಿತ್ರಗಳನ್ನು ಪೆಟ್ಟಿಗೆಗೆ ಹಾಕುತ್ತಿತ್ತು. ಆದರೆ ಕೈಯಲ್ಲಿ ಅನ್ನದುಂಡೆ ಹಿಡಿದು, ರಕ್ತ ಒಣಗಿದ ಮುಖದಲ್ಲಿ ಕ್ಯಾಮೆರಾದತ್ತ ನೋಡುತ್ತಿರುವ ಹುಡುಗ ಯಾವ ಪ್ರಚಾರಕ್ಕೂ ಒದಗುವವನಲ್ಲ.

ಸೆಪ್ಟೆಂಬರ್‌ನಲ್ಲಿ, ಜಪಾನನ್ನು ಆಳತೊಡಗಿದ ಅಮೆರಿಕನ್ ಸೇನಾಡಳಿತ ಪತ್ರಿಕಾ ಸಂಹಿತೆಯೊಂದನ್ನು ಜಾರಿಗೆ ತಂದಿತು. ಸಾರ್ವಜನಿಕ ನೆಮ್ಮದಿ ಕೆಡಿಸುವ ಯಾವುದನ್ನೂ ಪ್ರಕಟಿಸುವಂತಿಲ್ಲವೆಂಬ ನಿಯಮದಡಿ ಬಾಂಬಿನ ಚಿತ್ರಗಳೆಲ್ಲ ಬಂದವು. ಅದಕ್ಕೆ ಮೊದಲು ಯಮಹಾತಾರ ಕೆಲವು ಚಿತ್ರಗಳು ಜಪಾನಿನ ಪತ್ರಿಕೆಗಳಲ್ಲಿ ಬಂದಿದ್ದವು; ಸಂಹಿತೆ ಜಾರಿಯಲ್ಲಿದ್ದಾಗಲೇ, 1946ರಲ್ಲಿ, ಮತ್ಸುಶಿಗೆಯ ಚಿತ್ರ ಸ್ಥಳೀಯ ಸಂಜೆ ಪತ್ರಿಕೆಯೊಂದರಲ್ಲಿ ಕಾಣಿಸಿಕೊಂಡಿತ್ತು. ಹೊರಜಗತ್ತು ಇವನ್ನು ಸರಿಯಾಗಿ ನೋಡಿದ್ದು ಆ ಆಡಳಿತ ಮುಗಿದ ಮೇಲೆ, 1952ರಲ್ಲಿ, ಬುಖೆನ್‌ವಾಲ್ಡ್ ಚಿತ್ರಗಳಿಗೆ ಜಾಗ ಕೊಟ್ಟಿದ್ದ ಅದೇ ‘ಲೈಫ್’ ಪತ್ರಿಕೆಯಲ್ಲಿ. ಬಾವುಟಕ್ಕೆ ಎರಡು ದಿನ, ಸೇತುವೆಗೆ ಏಳು ವರ್ಷ. ಆ ಏಳು ವರ್ಷಗಳಲ್ಲಿ ಅಣುಬಾಂಬ್ ಎಂದರೆ ಜಗತ್ತಿನ ಕಣ್ಣಿಗೆ ಮೋಡವೇ ಆಗಿತ್ತು. ಅದನ್ನು ನೋಡಿ ಬೆರಗಾಗಬಹುದಿತ್ತು, ಚಂದವಿದೆಯೆಂದೂ ಅನ್ನಬಹುದಿತ್ತು. ಅಷ್ಟರಲ್ಲಿ ಇನ್ನೊಂದು ದೇಶವೂ ಆ ಬಾಂಬನ್ನು ಮಾಡಿಯಾಗಿತ್ತು.

ಪ್ರತಿ ಆಗಸ್ಟ್ 6ಕ್ಕೆ ನಮ್ಮಲ್ಲಿ ಹಂಚಿಕೆಯಾಗುವುದು ಇಂದಿಗೂ ಆ ಮೋಡವೇ. ಈ ಸಲ ಹಂಚುವವರು ಮಿಯುಕಿ ಸೇತುವೆಯ ಚಿತ್ರವನ್ನೂ ಒಮ್ಮೆ ಹುಡುಕಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಅದರಲ್ಲಿ ಮುಖಗಳು ಹೆಚ್ಚು ಕಾಣುವುದಿಲ್ಲ, ಬಹುತೇಕರು ಬೆನ್ನು ಹಾಕಿದ್ದಾರೆ. ಆ ಬೆನ್ನುಗಳನ್ನು ನೋಡಿಯೇ ‘ಇದು ನಾನು’ ಎಂದು ಎಷ್ಟೋ ವರ್ಷಗಳ ನಂತರ ಗುರುತು ಹಿಡಿದವರೂ ಇದ್ದಾರೆ. ಆ ದಿನ ಮತ್ಸುಶಿಗೆ ಮುಂದೆ ನಡೆದು, ಸುಟ್ಟುಹೋದ ಟ್ರಾಮೊಂದರ ಮೆಟ್ಟಿಲಿಗೆ ಕಾಲಿಟ್ಟು ಒಳಗೆ ಇಣುಕಿದರು. ಒಳಗಿದ್ದವರು ಒಬ್ಬರ ಮೇಲೊಬ್ಬರು ಬಿದ್ದು ಸತ್ತಿದ್ದರು. ಅವರು ಕ್ಯಾಮೆರಾ ಎತ್ತದೆ ಕೆಳಗಿಳಿದರು.