ನೂರು ವರ್ಷಕ್ಕೊಮ್ಮೆ ಅಂದರೆ ಅರ್ಥ ಅದಲ್ಲ

'ಇದು ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ, ಇನ್ನು ಸದ್ಯಕ್ಕೆ ಭಯವಿಲ್ಲ' ಎಂದು ಪ್ರವಾಹದ ಬಗ್ಗೆ ನಾನು ಓದಿದ ಒಂದು ಲೇಖನದಲ್ಲಿದೆ. ಈ ಒಂದು ಮಾತನ್ನು ಒಪ್ಪಲು ಆಗುವುದಿಲ್ಲ. ಪ್ರತಿ ವರ್ಷವೂ 100ರಲ್ಲಿ 1ರಷ್ಟು ಸಾಧ್ಯತೆ ಇದೆ ಅನ್ನುವುದೇ ಅದರ ಅರ್ಥ. ಹೋದ ವರ್ಷ ಬಂದದ್ದು ಈ ವರ್ಷವೂ ಬರಬಹುದು. ಅಂಥ ಪ್ರವಾಹ ಬರಬಹುದಾದ ಜಾಗದಲ್ಲಿ 30 ವರ್ಷ ಇದ್ದರೆ ಒಮ್ಮೆಯಾದರೂ ನೀರು ನುಗ್ಗುವ ಸಾಧ್ಯತೆ ಸುಮಾರು ಶೇ. 26. ಕಡಿಮೆ ಏನಲ್ಲ, ಅಲ್ವಾ? ಅದೂ ಹಿಂದಿನ ವರ್ಷಗಳ ಮಳೆ ನೋಡಿ ಹಾಕಿದ ಲೆಕ್ಕ. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿದಿಡಬಲ್ಲದು. ಹಾಗಾಗಿ ಜೋರು ಮಳೆ ಇನ್ನೂ ಜೋರಾಗುತ್ತಿದೆ.

ನಮ್ಮ ಮನೆಗೆ ನೀರು ಬಂದ ರಾತ್ರಿ ನಾವೆಲ್ಲ ಮುಂಬಾಗಿಲಿಗೆ ಮರಳಿನ ಚೀಲ ಜೋಡಿಸುತ್ತಿದ್ದೆವು. ನೀರು ಬಂದದ್ದು ಹಿಂದಿನಿಂದ, ಬಚ್ಚಲಿನ ತೂತಿನಿಂದ, ಗುಳುಗುಳು ಅನ್ನುತ್ತಾ, ಕಪ್ಪಗೆ. ಅಮ್ಮನ ಮಾತ್ರೆಗಳು, ಮನೆಯ ಕಾಗದಪತ್ರ ಎಲ್ಲ ಕಪಾಟಿನ ಕೆಳಗಿನ ಖಾನೆಯಲ್ಲಿದ್ದವು. ಒಂದೂ ಉಳಿಯಲಿಲ್ಲ. ಈಗ ಅವು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ, ಮೇಲಿನ ಖಾನೆಯಲ್ಲಿವೆ. ನೀರು ಏರುವ ಮೊದಲೇ ಮೇನ್ ಸ್ವಿಚ್ ಆಫ್ ಮಾಡಬೇಕು ಅನ್ನುವುದು ಮನೆಯವರಿಗೆಲ್ಲ ಗೊತ್ತು. ಬಚ್ಚಲಿನ ತೂತಿಗೆ ಬಿಗಿಯಾದ ಮುಚ್ಚಳವನ್ನೂ ಮಾಡಿಸಿದ್ದೇವೆ.