ಕಿಮ್ ಸೂಜಾ ಬಿಟ್ಟೇಬಿಟ್ರಲ್ಲ ಸಾರ್

ನಿಮ್ಮ ಲೇಖನದಲ್ಲಿ ಕೊರಿಯಾದ ಈಗಿನ ಕಲಾವಿದರ ಬಗ್ಗೆ ಬರ್ದಿದೀರಾ, ಖುಷಿ ಆಯ್ತು, ದೋ ಹೋ ಸುಹ್ ತಾನು ಬೆಳೆದ ಹಾನೋಕ್ (ಕೊರಿಯಾದ ಸಾಂಪ್ರದಾಯಿಕ ಶೈಲಿ) ಮನೇನ ತೆಳು ಬಟ್ಟೇಲಿ ಹೊಲಿದು ಸೂಟ್‌ಕೇಸಲ್ಲಿ ಮಡಚಿ ತಗೊಂಡು ಹೋಗೋ ಹಾಗೆ ಮಾಡಿದ್ದೂ ಚೆನ್ನಾಗಿ ಹೇಳಿದೀರಾ. ಆದ್ರೆ ಅಲ್ಲಿನದೇ ಕಲಾವಿದೆ ಕಿಮ್ ಸೂಜಾ ಹೆಸರೇ ಇಲ್ವಲ್ಲ? ಕೊರಿಯಾದಲ್ಲಿ ಮದುವೆ ಆದೋರಿಗೆ ಕೊಡೋ ಬಣ್ಣಬಣ್ಣದ ಹಾಸಿಗೆ ಬಟ್ಟೆ ಇರುತ್ತೆ, ಯಾರೋ ಬಳಸಿ ಬಿಟ್ಟ ಅಂಥ ಬಟ್ಟೇಲೇ ಹಳೇ ಬಟ್ಟೆ ತುಂಬಿ ಗಂಟು ಕಟ್ತಾರೆ ಆಕೆ. ಆ ಗಂಟಿಗೆ ಬೊತ್ತಾರಿ ಅಂತಾರೆ, ನಮ್ಮಲ್ಲಿ ಗಂಟುಮೂಟೆ ಕಟ್ಟೋದು ಅಂತೀವಲ್ಲ ಅದೇ, ಮನೆ ಬಿಟ್ಟು ಹೊರಡೋದು ಅನ್ನೋ ಅರ್ಥಾನೂ ಅದರಲ್ಲಿದೆ. 1997ರಲ್ಲಿ ಟ್ರಕ್ ತುಂಬ ಈ ಗಂಟು ಹೇರ್ಕೊಂಡು ಅದರ ಮೇಲೆ ತಾನೇ ಕೂತು 11 ದಿನ, 2727 ಕಿಲೋಮೀಟರ್ ಕೊರಿಯಾ ಸುತ್ತಿದ್ರು, ತಾನು ಹಿಂದೆ ಬದುಕಿದ್ದ ಊರುಗಳನ್ನೆಲ್ಲ ಹಾದು.

ನನಗೆ ಅದಕ್ಕಿಂತ ಹಿಡಿಸಿದ್ದು ಆಕೇದೇ 'ಎ ನೀಡಲ್ ವುಮನ್' ವಿಡಿಯೋ (ಹೆಸರು ಸೂಜಾ, ಕೆಲಸ ಸೂಜಿದು, ಕನ್ನಡದೋರಿಗೆ ಮಾತ್ರ ಸಿಗೋ ತಮಾಷೆ). ಟೋಕಿಯೋ, ದೆಹಲಿ, ಲಾಗೋಸ್, ಕೈರೋ ಹೀಗೆ 8 ಊರಲ್ಲಿ ಜನಜಂಗುಳಿ ಮಧ್ಯೆ ಕ್ಯಾಮೆರಾಗೆ ಬೆನ್ನು ಹಾಕಿ ಅಲ್ಲಾಡದೆ ನಿಲ್ತಾರೆ, ಅಷ್ಟೇ, ಇನ್ನೇನೂ ಇಲ್ಲ. ಟೋಕಿಯೋದಲ್ಲಿ ಯಾರೂ ತಿರುಗಿ ನೋಡಲ್ಲ, ನಮ್ಮ ದೆಹಲಿ ಜನ ಬಿಡ್ತಾರಾ, ನಿಂತು ಗುರಾಯಿಸ್ಕೊಂಡೇ ಹೋಗ್ತಾರೆ! ಮೊದಲು ಇದೆಂಥ ಆರ್ಟ್ ಮಾರಾಯ್ರೆ ಅನ್ಸಿತ್ತು, ಆಮೇಲೆ ನೋಡಿದ್ರೆ ನಾನೇ ಆಕೇನ ಬಿಟ್ಟು ಬರೀ ಆ ಮುಖಗಳನ್ನೇ ನೋಡ್ತಾ ಕೂತಿದ್ದೆ. ಮುಂದಿನ ಲೇಖನ ಇವ್ರ ಮೇಲೇ ಬರೀರಿ ಪ್ಲೀಸ್.